‘ಡಬಲ್ ಫ್ಯಾಂಟಸಿ’: ಯೋಕೊ ಹಾಡುಗಳನ್ನು ತೆಗೆದುಹಾಕಿ ಕೇಳುವವರಿಗೆ

ಕಪ್ಪುತಟ್ಟೆ:
ಬೀಟಲ್ಸ್ ತಂಡದಲ್ಲಿದ್ದ ಜಾನ್ ಲೆನನ್, ಅವರ ಹೆಂಡತಿ ಯೋಕೊ ಓನೊ ಇಬ್ಬರ ಹೆಸರಲ್ಲಿ 1980ರ ನವೆಂಬರ್ 17ಕ್ಕೆ ಬಂದ ‘ಡಬಲ್ ಫ್ಯಾಂಟಸಿ’ ಆಲ್ಬಂ ಬಗ್ಗೆ ಯಾರೇ ಕೇಳಲಿ, ಸಿಗೋ ಉತ್ತರ ಒಂದೇ: ಬೆಸ ಸಂಖ್ಯೆಯ ಹಾಡುಗಳನ್ನ (ಜಾನ್‌ದು) ಇಟ್ಕೊಳ್ಳಿ, ಸಮ ಸಂಖ್ಯೆಯವನ್ನ (ಯೋಕೊದು) ಅಳಿಸಿ. ಈ ಸಲಹೆ ಯಾಕೆ ಕೆಲಸಕ್ಕೆ ಬರಲ್ಲ ಅಂತ ಒಂದು ಕಡೆ ಬರೆದಿಡೋಣ ಅಂತ ಈ ಎಳೆ.

ಹೊಸಬರಿಗೆ ಎರಡು ಮಾತು. 1975ರಲ್ಲಿ ‘ರಾಕ್ ಎನ್ ರೋಲ್’ ಬಂದ ಮೇಲೆ ಲೆನನ್ ಹೊಸ ಹಾಡುಗಳ ಆಲ್ಬಂ ತರಲಿಲ್ಲ. ಆ ವರ್ಷ ಅಕ್ಟೋಬರ್ 9ಕ್ಕೆ ಮಗ ಶಾನ್ ಹುಟ್ಟಿದ. ಐದು ವರ್ಷ ಮನೆ, ಮಗು. 1980ರ ಬೇಸಿಗೆಯಲ್ಲಿ ಹಡಗಿನಲ್ಲಿ ಬರ್ಮುಡಾಕ್ಕೆ ಹೋದಾಗ ಹಾಡು ಮತ್ತೆ ಶುರುವಾಯ್ತು. ಆಲ್ಬಂ ಹೆಸರು ಅಲ್ಲಿನ ಸಸ್ಯೋದ್ಯಾನದಲ್ಲಿ ಕಂಡ ಒಂದು ಫ್ರೀಸಿಯಾ ಹೂವಿನ ತಳಿಯದ್ದು. ಆಗಸ್ಟ್ ಮೊದಲ ವಾರದಿಂದ ನ್ಯೂಯಾರ್ಕಿನ ಹಿಟ್ ಫ್ಯಾಕ್ಟರಿ ಸ್ಟುಡಿಯೊದಲ್ಲಿ ಧ್ವನಿಮುದ್ರಣ. ನಿರ್ಮಾಣದಲ್ಲಿ ಇಬ್ಬರ ಜೊತೆ ಜ್ಯಾಕ್ ಡಗ್ಲಸ್. ಹಾಡುಗಳನ್ನ ಕೇಳದೆಯೇ ಒಪ್ಪಂದಕ್ಕೆ ಸಹಿ ಹಾಕಿದವರು ಡೇವಿಡ್ ಗೆಫೆನ್. ಅವರ ರೆಕಾರ್ಡ್ ಕಂಪನಿ ಆಗಿನ್ನೂ ಹೊಸದು, ಗಾಯಕಿ ಡೊನಾ ಸಮ್ಮರ್ ಆಲ್ಬಂ ಆದ ಮೇಲೆ ಇದು ಎರಡನೆಯದು.

ಉಪಶೀರ್ಷಿಕೆ ‘ಎ ಹಾರ್ಟ್ ಪ್ಲೇ’. ಅಂದ್ರೆ ನಾಟಕ. ನಾಟಕದಲ್ಲಿ ಒಂದು ಪಾತ್ರದ ಮಾತುಗಳನ್ನೆಲ್ಲ ಕತ್ತರಿಸಿ ಹಾಕಿದರೆ ಉಳಿದ ಪಾತ್ರ ಗೋಡೆ ಜೊತೆ ಮಾತಾಡ್ತಿರುತ್ತೆ.

ಸಾಲುಲೆಕ್ಕ:
ಮೊದಲು ಆ ಬೆಸ-ಸಮ ಸಲಹೆಯೇ ತಪ್ಪು. ಅದು ಮೊದಲ ಬದಿಗೆ ಮಾತ್ರ ಹೊಂದುತ್ತೆ. ಜಾನ್ ಹಾಡುಗಳು 1, 3, 5, 7, 8, 10, 12. ಯೋಕೊ ಹಾಡುಗಳು 2, 4, 6, 9, 11, 13, 14. ಬೆಸ ಸಂಖ್ಯೆ ಅಂತ ಹಿಡಿದರೆ ‘ವಾಚಿಂಗ್ ದ ವೀಲ್ಸ್’ (8), ‘ವುಮನ್’ (10), ‘ಡಿಯರ್ ಯೋಕೊ’ (12) ಮೂರೂ ಕೈಬಿಟ್ಟು ಹೋಗುತ್ತೆ! ಜಾನ್ ಬೇಕು ಅಂತ ಹೊರಟವರಿಗೆ ‘ವುಮನ್’ ಇಲ್ಲದ ಪಟ್ಟಿ.

ಈ ಏರುಪೇರು ಆಕಸ್ಮಿಕ ಅಂತ ನನಗೆ ಅನ್ನಿಸಲ್ಲ. ಎಲ್‌ಪಿಯಲ್ಲಿ 7 ಮುಗಿದ ಮೇಲೆ ತಟ್ಟೆ ತಿರುಗಿಸಬೇಕು. ಮೊದಲ ಬದಿ ಜಾನ್‌ನಲ್ಲಿ ಮುಗಿದು ಎರಡನೇ ಬದಿ ಜಾನ್‌ನಲ್ಲೇ ಶುರು. ಕೊನೆಯಲ್ಲಿ ಯೋಕೊ ಹಾಡು ಎರಡು ಒಟ್ಟಿಗೆ. ಹಾಗಾಗಿ ಮೊದಲ ಬದಿ 4-3, ಎರಡನೇ ಬದಿ 3-4. ಕೊನೆಯ ಮಾತು ಹೆಂಡತಿಯದು.

ಹೊತ್ತಿನ ಲೆಕ್ಕವೂ ಇರಲಿ. ಏಳೇಳು ಹಾಡಾದರೂ ಜಾನ್‌ಗೆ ಸುಮಾರು 25 ನಿಮಿಷ, ಯೋಕೊಗೆ ಸುಮಾರು 20. ‘ಗಿವ್ ಮಿ ಸಮ್ಥಿಂಗ್’ ಒಂದೂವರೆ ನಿಮಿಷ ಚಿಲ್ಲರೆ ಅಷ್ಟೆ. ‘ಅರ್ಧ ಆಲ್ಬಂ ಆಕೆ ನುಂಗಿದಳು’ ಅನ್ನೋರು ಗಡಿಯಾರ ನೋಡಲಿ.

ಧಾರವಾಡಪೇಡೆ:
ಇದು ನಮ್ಮ ಕಡಿ ಮಂದಿಗೆ ಹೊಸದೇನಲ್ರಿ. ಹರದೇಶಿ-ನಾಗೇಶಿ ಗೀಗೀ ಪದ ಕೇಳಿದವರಿಗೆ ಥಟ್ಟನೆ ತಿಳೀತದ. ಒಂದು ಮೇಳ ಗಂಡು ಹೆಚ್ಚು ಅಂತ ಪದ ಕಟ್ಟತದ, ಇನ್ನೊಂದು ಹೆಣ್ಣು ಹೆಚ್ಚು ಅಂತ ಎದುರಿಗೆ ನಿಂತು ಉತ್ತರ ಕೊಡತದ. ಅದರಾಗ ಬರೇ ಹರದೇಶಿ ಪದ ಆರಿಸಿ ಕೇಳಿದರ ಸವಾಲು ಇರತದ, ಜವಾಬು ಇರೋದಿಲ್ಲ. ಫರಕು ಏನಂದ್ರ ಇಲ್ಲಿ ಯಾರೂ ಗೆಲ್ಲಾಕ ನಿಂತಿಲ್ಲ.

ಸವಾಲ್-ಜವಾಬ್ ನೆಟ್ಟಗ ಕಾಣೋದು 5 ಮತ್ತ 6ರಾಗ. ‘ಐಯಾಮ್ ಲೂಸಿಂಗ್ ಯೂ’ ಅಂತ ಗಂಡ ಒದರತಾನ, ಅದರ ಬೆನ್ನಿಗೇ ‘ಐಯಾಮ್ ಮೂವಿಂಗ್ ಆನ್’ ಅಂತ ಹೆಂಡತಿ ಗಂಟು ಕಟ್ಟತಾಳ. ನಡುವ ಉಸಿರು ಬಿಡಾಕ ಜಾಗಾನ ಇಲ್ಲ. 6 ತಗದು ನೋಡ್ರಿ, 5ರ ಹಿಂದ ಸೀದಾ ಮಗುವಿನ ಜೋಗುಳ ‘ಬ್ಯೂಟಿಫುಲ್ ಬಾಯ್’ ಬರತದ. ಜಗಳ ಎಲ್ಲಿ ಹೋತು, ಯಾಕ ಹೋತು, ಗೊತ್ತಾಗೋದಿಲ್ಲ.

ಮಿಕ್ಸರ್‌ಮನೆ:
5ರ ಬಗ್ಗೆ ಒಂದು ಸೂಚನೆ. ಆ ಹಾಡನ್ನ ಆಗಸ್ಟ್‌ನಲ್ಲಿ ಚೀಪ್ ಟ್ರಿಕ್ ತಂಡದ ರಿಕ್ ನೀಲ್ಸನ್ (ಗಿಟಾರ್), ಬನ್ ಇ. ಕಾರ್ಲೋಸ್ (ಡ್ರಮ್ಸ್) ಜೊತೆ ಒಮ್ಮೆ ಮುದ್ರಿಸಿದ್ದರು. ಆಲ್ಬಂನಲ್ಲಿ ಇರೋದು ಅದಲ್ಲ, ಮುಖ್ಯ ತಂಡ ಮತ್ತೆ ನುಡಿಸಿದ್ದು. ಚೀಪ್ ಟ್ರಿಕ್ ಆವೃತ್ತಿ ಬೇಕಿದ್ದರೆ 1998ರ ‘ಜಾನ್ ಲೆನನ್ ಆಂಥಾಲಜಿ’ ಪೆಟ್ಟಿಗೆಯಲ್ಲಿದೆ. ಗಿಟಾರ್ ಒರಟು, ಡ್ರಮ್ಸ್ ಭಾರ, ಬಿಡಿಯಾಗಿ ಕೇಳಿದರೆ ಅದೇ ಚೆನ್ನ ಅಂತ ನನ್ನ ಅಭಿಪ್ರಾಯ. ಆದರೆ ಅದನ್ನ ತಂದು ಆಲ್ಬಂನ 5ನೇ ಜಾಗದಲ್ಲಿ ಕೂರಿಸಬೇಡಿ. 6ರ ಸದ್ದು ಅದರ ಪಕ್ಕದಲ್ಲಿ ಸಣಕಲಾಗಿ ಕೇಳುತ್ತೆ.

ಮುಖ್ಯ ತಂಡ: ಗಿಟಾರ್ ಅರ್ಲ್ ಸ್ಲಿಕ್ ಮತ್ತು ಹ್ಯೂ ಮೆಕ್ರ್ಯಾಕೆನ್, ಬೇಸ್ ಟೋನಿ ಲೆವಿನ್, ಡ್ರಮ್ಸ್ ಆಂಡಿ ನ್ಯೂಮಾರ್ಕ್, ಕೀಬೋರ್ಡ್ ಜಾರ್ಜ್ ಸ್ಮಾಲ್, ಪರ್ಕಶನ್ ಆರ್ಥರ್ ಜೆಂಕಿನ್ಸ್. ಗಂಡನ ಹಾಡಿಗೂ ಹೆಂಡತಿಯ ಹಾಡಿಗೂ ಇದೇ ಕೈಗಳು. ಎರಡು ಬೇರೆ ಬೇರೆ ಆಲ್ಬಂ ಹೊಲಿದ ಹಾಗೆ ಕೇಳದೇ ಇರೋದಕ್ಕೆ ಇದೇ ದೊಡ್ಡ ಕಾರಣ. ‘ಬ್ಯೂಟಿಫುಲ್ ಬಾಯ್’ನಲ್ಲಿ ಕೇಳೋ ಸ್ಟೀಲ್ ಡ್ರಮ್ ರಾಬರ್ಟ್ ಗ್ರೀನಿಜ್ ಅವರದು. ‘ವಾಚಿಂಗ್ ದ ವೀಲ್ಸ್’ನಲ್ಲಿ ಸಂತೂರಿನ ನೆರಳು ಕಂಡರೆ ಕಿವಿ ಕೆಟ್ಟಿಲ್ಲ, ಅದು ಹ್ಯಾಮರ್ಡ್ ಡಲ್ಸಿಮರ್, ಸಂತೂರಿನ ದಾಯಾದಿ.

ಹಕ್ಕುಪತ್ರ:
ಎಲ್ಲ ಸರಿ, ಆದರೆ ಇದನ್ನ ‘ದಂಪತಿ ಕೂಡಿ ಬರೆದ ಹಾಡುಗಳು’ ಅಂತ ಕರೆಯೋದು ನಿಲ್ಲಿಸಿ. ಹೊದಿಕೆ ಮೇಲೆ ಇಬ್ಬರ ಹೆಸರಿದೆ ನಿಜ. ಹಾಡುಗಳ ಕರ್ತೃ ಪಟ್ಟಿಯಲ್ಲಿ ಪ್ರತಿ ಹಾಡಿಗೂ ಒಬ್ಬರೇ. ಜಂಟಿ ಇರೋದು ಆಲ್ಬಂ, ಹಾಡಲ್ಲ.

ಈ ದಂಪತಿ ಜಂಟಿ ಹೆಸರು ಹಾಕಿದ ಹಾಡುಗಳೂ ಇವೆ, ಅದರಿಂದ ತಲೆನೋವೂ ಆಗಿದೆ. ‘ಹ್ಯಾಪಿ ಕ್ರಿಸ್‌ಮಸ್’ ಹಾಡು ಅಮೆರಿಕದಲ್ಲಿ 1971ರ ಡಿಸೆಂಬರ್‌ನಲ್ಲಿ ಬಂತು, ಬ್ರಿಟನ್‌ನಲ್ಲಿ 1972ರ ನವೆಂಬರ್‌ವರೆಗೆ ಕಾಯಬೇಕಾಯ್ತು. ಯೋಕೊಗೆ ಸಹಕರ್ತೃ ಹೆಸರು ಕೊಟ್ಟಿದ್ದನ್ನ ಹಾಡುಗಳ ಪ್ರಕಾಶಕರು ಒಪ್ಪಲಿಲ್ಲ. ಕಾರಣ ಸರಳ. ಲೆನನ್ ಬರೆದದ್ದೆಲ್ಲ ಹಳೆಯ ಒಪ್ಪಂದದ ಪ್ರಕಾರ ಪ್ರಕಾಶಕರ ಕೈಗೆ ಹೋಗಬೇಕು. ಯೋಕೊ ಆ ಒಪ್ಪಂದಕ್ಕೆ ಸಹಿ ಹಾಕಿದವಳಲ್ಲ. ಅರ್ಧ ಆಕೆಯದು ಅಂದ ತಕ್ಷಣ ಅರ್ಧ ಹಣ ಒಪ್ಪಂದದ ಹೊರಗೆ.

ಬೀಟಲ್ಸ್‌ನಲ್ಲಿ ಲೆನನ್ ಜೊತೆಗಿದ್ದ ಪಾಲ್ ಮೆಕಾರ್ಟ್ನಿ ಮಾಡಿದ್ದೂ ಇದೇ. 1971ರ ‘ಅನದರ್ ಡೇ’ ಹಾಡಿಗೆ ಹೆಂಡತಿ ಲಿಂಡಾ ಹೆಸರು ಸೇರಿಸಿದ, ಅದೇ ವರ್ಷ ‘ರ‍್ಯಾಮ್’ ಆಲ್ಬಂ ಇಬ್ಬರ ಹೆಸರಲ್ಲೇ ಬಂತು. ಲಿಂಡಾಗೆ ಹಾಡು ಕಟ್ಟೋಕೆ ಬರುತ್ತೆ ಅಂತ ನಂಬೋಕೆ ಪ್ರಕಾಶಕರು ತಯಾರಿರಲಿಲ್ಲ, ದಾವೆ ಹೂಡಿದರು. ಜಗಳ ರಾಜಿಯಲ್ಲಿ ಮುಗೀತು. ಅದರ ಭಾಗವಾಗಿ ಪಾಲ್ ಮಾಡಿಕೊಟ್ಟ ಟಿವಿ ಕಾರ್ಯಕ್ರಮ 1973ರಲ್ಲಿ ಪ್ರಸಾರವಾಯ್ತು.

1980ರ ಹೊತ್ತಿಗೆ ಲೆನನ್ ಆ ಹಳೆಯ ಒಪ್ಪಂದದಿಂದ ಹೊರಗೆ. ಪ್ರಕಾಶನ ಅವರದೇ ‘ಲೆನೊನೊ ಮ್ಯೂಸಿಕ್’. ಈಗ ಯಾರ ಹಾಡು ಯಾರದು ಅಂತ ಬಿಡಿಸಿ ಬರೆದರೆ ಯಾರಿಗೂ ನಷ್ಟವಿಲ್ಲ.

ಕಪ್ಪುತಟ್ಟೆ:
ಒಪ್ಪಿದೆ, ‘ಜಂಟಿ ಆಲ್ಬಂ’ ಅನ್ನೋಣ. ಆದರೆ ಹೆಸರು ಇಲ್ಲ ಅಂದ ಮಾತ್ರಕ್ಕೆ ಕೈ ಇರಲಿಲ್ಲ ಅನ್ನೋಕೂ ಆಗಲ್ಲ. ‘ಇಮ್ಯಾಜಿನ್’ ನೋಡಿ. 1971ರಲ್ಲಿ ಲೆನನ್ ಒಬ್ಬರದೇ ಹೆಸರು. ಸಾಹಿತ್ಯದ ಬೀಜ ಯೋಕೊ ಅವರ 1964ರ ‘ಗ್ರೇಪ್‌ಫ್ರೂಟ್’ ಪುಸ್ತಕದ್ದು, ಹೆಸರು ಹಾಕದೇ ಇದ್ದದ್ದು ತನ್ನ ಗಂಡಸುತನದ ಸಣ್ಣತನ ಅನ್ನೋ ಅರ್ಥದಲ್ಲಿ 1980ರ ಡಿಸೆಂಬರ್‌ನ ಬಿಬಿಸಿ ಸಂದರ್ಶನದಲ್ಲಿ ಅವರೇ ಒಪ್ಪಿಕೊಂಡರು. ಯೋಕೊಗೆ ಸಹಕರ್ತೃ ಸ್ಥಾನ ಕೊಡ್ತೇವೆ ಅಂತ ಅಮೆರಿಕದ ಸಂಗೀತ ಪ್ರಕಾಶಕರ ಸಂಘ ಘೋಷಿಸಿದ್ದು 2017ರಲ್ಲಿ.

ಹಾರ್ಮೋನಿಯಂಚೀಲ:
ನಮ್ಮಲ್ಲೂ ಗಂಡ-ಹೆಂಡತಿ ಸೇರಿ ಹಾಡು ಮಾಡಿ ಯೂಟ್ಯೂಬ್‌ಗೆ ಹಾಕೋರು ಬಹಳ. ಒಬ್ಬರು ಸಾಹಿತ್ಯ, ಒಬ್ಬರು ರಾಗ. ಇಬ್ಬರೂ ಜಂಟಿ ಕರ್ತೃಗಳು ಅಂತ ಬರೆದರೆ ಸಾಕಲ್ವಾ?

ಹಕ್ಕುಪತ್ರ:
ಸಾಲದು, ಅಲ್ಲೇ ಎಡವೋದು. ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಸಾಹಿತ್ಯ ಬೇರೆ ಕೃತಿ, ಸಂಗೀತ ಬೇರೆ ಕೃತಿ. ‘ಸಂಗೀತ ಕೃತಿ’ಯ ವ್ಯಾಖ್ಯೆಯೇ ಮಾತುಗಳನ್ನ ಹೊರಗಿಡುತ್ತೆ. ಮೂರನೆಯದು ಧ್ವನಿಮುದ್ರಿಕೆ, ಅದರ ಒಡೆತನ ನಿರ್ಮಾಪಕರದು. ‘ಜಂಟಿ ಕರ್ತೃತ್ವ’ ಅನ್ನೋದಕ್ಕೆ ಒಬ್ಬರ ಪಾಲು ಇನ್ನೊಬ್ಬರ ಪಾಲಿನಿಂದ ಬೇರ್ಪಡಿಸೋಕೆ ಬಾರದ ಹಾಗಿರಬೇಕು. ಒಬ್ಬರು ಪಲ್ಲವಿಯ ಸಾಲು ಬರೆದು ಇನ್ನೊಬ್ಬರು ತಿದ್ದಿ ಮತ್ತೆ ಮೊದಲಿನವರು ಬದಲಿಸಿದರೆ ಆ ಸಾಹಿತ್ಯ ಜಂಟಿ. ಅವರು ಸಾಹಿತ್ಯ, ಇವರು ರಾಗ ಅಂದರೆ ಎರಡು ಕೃತಿ, ಇಬ್ಬರು ಪ್ರತ್ಯೇಕ ಕರ್ತೃಗಳು.

ಮಾಡಬೇಕಾದ್ದು ಇಷ್ಟು. ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಹಾಡಿನ ಹೆಸರು, ಸಾಹಿತ್ಯದಲ್ಲಿ ಯಾರಿಗೆ ಎಷ್ಟು ಶೇಕಡಾ, ಸಂಗೀತದಲ್ಲಿ ಎಷ್ಟು, ಮುದ್ರಿಕೆ ಯಾರದು ಅಂತ ಬರೆದು ಇಬ್ಬರೂ ಸಹಿ, ತಾರೀಖು ಹಾಕಿ. ಐಪಿಆರ್‌ಎಸ್‌ನಲ್ಲಿ (ಸಾಹಿತಿ, ಸಂಗೀತಗಾರರ ರಾಯಧನ ಸಂಗ್ರಹಿಸೋ ಸಂಘ) ಕೃತಿ ನೋಂದಾಯಿಸುವಾಗ ಇದೇ ಅಂಕಿ ಕೇಳ್ತಾರೆ. ಐಎಸ್‌ಆರ್‌ಸಿ ಸಂಖ್ಯೆ ಮುದ್ರಿಕೆಯದು, ಐಎಸ್‌ಡಬ್ಲ್ಯುಸಿ ಕೃತಿಯದು, ಎರಡನ್ನೂ ಕಲಸಬೇಡಿ. ಯಾವುದಾದರೂ ಕಂಪನಿಗೆ ಹಕ್ಕು ಬರೆದುಕೊಡೋದಾದರೆ ಅವಧಿ, ಪ್ರದೇಶ ಎರಡನ್ನೂ ಪತ್ರದಲ್ಲಿ ಕಾಣಿಸಿ. ಅವಧಿ ಬರೆಯದಿದ್ದರೆ ಕಾಯ್ದೆ ಐದು ವರ್ಷ ಅಂತ ಹಿಡಿಯುತ್ತೆ, ಪ್ರದೇಶ ಬರೆಯದಿದ್ದರೆ ಭಾರತ ಅಂತ.

ಇನ್ನು ‘ಡಬಲ್ ಫ್ಯಾಂಟಸಿ’ ಹಾಡನ್ನ ಕನ್ನಡಕ್ಕೆ ತಂದು ಹಾಡ್ತೀವಿ, ಹಳೇ ಹಾಡು ಯಾರು ಕೇಳ್ತಾರೆ ಅನ್ನೋರಿಗೆ: ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ ಇಲ್ಲಿ ಹಕ್ಕು ಇರುತ್ತೆ. ಲೆನನ್ ತೀರಿಕೊಂಡದ್ದು 1980 ಡಿಸೆಂಬರ್ 8. ಹಾಗಾಗಿ ಅವರ ಏಳು ಹಾಡು 2040ರ ಡಿಸೆಂಬರ್ 31ರ ತನಕ. ಮುದ್ರಿಕೆಗೂ ಪ್ರಕಟವಾದ ಮರುವರ್ಷದಿಂದ 60, ಅದೂ ಅದೇ ದಿನ ಮುಗಿಯುತ್ತೆ. ಯೋಕೊ ಅವರ ಏಳು ಹಾಡಿನ ಲೆಕ್ಕ ಬೇರೆ, ಅದು ಅವರ ಆಯುಷ್ಯದ ಮೇಲೆ ಹೋಗುತ್ತೆ. ಒಂದೇ ತಟ್ಟೆ, ಎರಡು ಗಡಿಯಾರ. ಬ್ರಿಟನ್‌ನಲ್ಲಿ 60ರ ಬದಲು 70.

ಹಾರ್ಮೋನಿಯಂಚೀಲ:
ತುಂಬಾ ಉಪಕಾರ ಸರ್. ಇದನ್ನ ಬೇರೆ ಎಳೆ ಮಾಡಿ ಮೇಲೆ ಅಂಟಿಸಬೇಕು.

ತಂತಿಆರು:
‘ವುಮನ್’ ನುಡಿಸೋರಿಗೆ. ಹಾಡು ಇ-ಫ್ಲಾಟ್ ಶ್ರುತಿಯಲ್ಲಿದೆ. ಗಿಟಾರ್‌ನಲ್ಲಿ ಕ್ಯಾಪೊ (ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್ಪು) ಒಂದನೇ ಫ್ರೆಟ್‌ಗೆ ಹಾಕಿ ಡಿ ಆಕಾರದಲ್ಲಿ ಹಿಡಿದರೆ ಸುಲಭ. ಚರಣದ ಕಾರ್ಡ್‌ಗಳು ಆ ಆಕಾರದಲ್ಲಿ ಡಿ, ಇ-ಮೈನರ್, ಎಫ್-ಶಾರ್ಪ್ ಮೈನರ್, ಇ-ಮೈನರ್, ಡಿ, ಬಿ-ಮೈನರ್, ಇ-ಮೈನರ್, ಎ. ಮೂರು ಮೆಟ್ಟಿಲು ಹತ್ತಿ ಅದೇ ದಾರಿಯಲ್ಲಿ ಇಳಿಯೋ ನಡೆ. ಲಯ ನಿಮಿಷಕ್ಕೆ ಸುಮಾರು 80 ಬಡಿತ. ಅದಕ್ಕಿಂತ ಓಡಿಸಿದರೆ ಹಾಡು ಜಾಹೀರಾತಿನ ಟ್ಯೂನ್ ಆಗಿಬಿಡುತ್ತೆ.

ಎಲ್ಲರೂ ಬೀಳೋದು ಕೊನೆ ಚರಣದಲ್ಲಿ. ಅಲ್ಲಿ ಶ್ರುತಿ ಅರ್ಧ ಸ್ವರ ಮೇಲೇರಿ ಇ ಆಗುತ್ತೆ. ಹಾಡಿನ ಮಧ್ಯೆ ಕ್ಯಾಪೊ ಸರಿಸಿದರೆ ತಂತಿ ಶ್ರುತಿ ತಪ್ಪುತ್ತೆ, ತಾಳವೂ ಹೋಗುತ್ತೆ. ಎರಡು ದಾರಿ ಇದೆ. ಇಬ್ಬರು ನುಡಿಸೋದಾದರೆ ಇನ್ನೊಬ್ಬರು ಎರಡನೇ ಫ್ರೆಟ್‌ಗೆ ಕ್ಯಾಪೊ ಹಾಕಿ ಕಾದು ಕೊನೆ ಚರಣ ವಹಿಸಿಕೊಳ್ಳಲಿ. ಒಬ್ಬರೇ ಆದರೆ ಮೊದಲಿನಿಂದಲೇ ಕ್ಯಾಪೊ ಇಲ್ಲದೆ ಬಾರೆ ಹಿಡಿತ (ಒಂದೇ ಬೆರಳಿಂದ ಎಲ್ಲ ತಂತಿ ಒತ್ತೋದು) ಅಭ್ಯಾಸ ಮಾಡಿ, ಕೊನೆಗೆ ಇಡೀ ಕೈಯನ್ನ ಒಂದು ಫ್ರೆಟ್ ಮುಂದೆ ಜಾರಿಸಿ. ಹಾಡುವವರು ತಮ್ಮ ಶ್ರುತಿ ಆರಿಸುವಾಗ ಆ ಕೊನೆ ಚರಣಕ್ಕೆ ಹೊಂದುವಂತೆ ಆರಿಸಬೇಕು, ಶುರುವಿಗಲ್ಲ.

ಮಿಕ್ಸರ್‌ಮನೆ:
ಯಾವ ಆವೃತ್ತಿ ಕೇಳಬೇಕು ಅನ್ನೋ ಪ್ರಶ್ನೆ ಬಂದೇ ಬರುತ್ತೆ, ಮೊದಲೇ ಬರೆದುಬಿಡ್ತೇನೆ.

1980ರ ಮೂಲ ಮಿಕ್ಸ್: ಜಾನ್ ಧ್ವನಿಯನ್ನ ಒಂದರ ಮೇಲೊಂದು ಇಟ್ಟು ದಪ್ಪ ಮಾಡಲಾಗಿದೆ. ‘ಸ್ಟಾರ್ಟಿಂಗ್ ಓವರ್’ನಲ್ಲಿ 50ರ ದಶಕದ ಎಲ್ವಿಸ್ ಶೈಲಿಯ ಪ್ರತಿಧ್ವನಿ. ತನ್ನ ಒಂಟಿ ಧ್ವನಿ ಬರಿಯಾಗಿ ಕೇಳೋದು ಲೆನನ್‌ಗೆ ಬೀಟಲ್ಸ್ ಕಾಲದಿಂದಲೂ ಹಿಡಿಸುತ್ತಿರಲಿಲ್ಲ.

2000ದ ಮರುಬಿಡುಗಡೆ: ಅದೇ ಮಿಕ್ಸ್, ರೀಮಾಸ್ಟರ್ ಆಗಿದೆ (ಒಟ್ಟು ಸದ್ದನ್ನ ಹೊಸದಾಗಿ ಹದ ಮಾಡಿದ್ದಾರೆ). ಕೊನೆಗೆ ಮೂರು ಹೆಚ್ಚುವರಿ ತುಣುಕು, ಅದರಲ್ಲಿ ‘ವಾಕಿಂಗ್ ಆನ್ ಥಿನ್ ಐಸ್’ ಒಂದು. ಆ ಹಾಡು ಕಟುವಾದದ್ದು, ಒಳ್ಳೆಯದೂ ಹೌದು. ಆದರೆ ‘ಹಾರ್ಡ್ ಟೈಮ್ಸ್ ಆರ್ ಓವರ್’ ಅಂತ ನಾಟಕಕ್ಕೆ ತೆರೆ ಬಿದ್ದ ಮೇಲೆ ಅದು ಬರಬಾರದು. 14ಕ್ಕೆ ನಿಲ್ಲಿಸಿ.

2010ರ ‘ಸ್ಟ್ರಿಪ್ಡ್ ಡೌನ್’: ಯೋಕೊ ಮತ್ತು ಡಗ್ಲಸ್ ಕೂತು 14 ಹಾಡನ್ನೂ ಹೊಸದಾಗಿ ಮಿಕ್ಸ್ ಮಾಡಿದ್ದು. ಹಿನ್ನೆಲೆ ಗಾಯನ, ಅಲಂಕಾರ ಇಳಿಸಿ ಜಾನ್ ಧ್ವನಿಯನ್ನ ಮುಂದೆ ತಂದಿದ್ದಾರೆ. ಅದೇ ಜೋಡಿ ಡಿಸ್ಕ್‌ನಲ್ಲಿ ಮೂಲ ಮಿಕ್ಸ್‌ನ ರೀಮಾಸ್ಟರ್ ಕೂಡ ಇದೆ. ಸಾಹಿತ್ಯ ಬಿಡಿಸಿ ಕೇಳೋಕೆ, ನುಡಿಸೋದು ಕಲಿಯೋಕೆ ಇದು ಬೆಸ್ಟ್. ಮೊದಲ ಸಲಕ್ಕೆ ಬೇಡ. ದಪ್ಪ ಧ್ವನಿ, ಹಳೇ ರಾಕ್ ಎನ್ ರೋಲ್ ನಕಲು ಎಲ್ಲ ಪಾತ್ರದ ವೇಷ. ವೇಷ ಕಳಚಿದ ನಟನನ್ನ ಮೊದಲು ನೋಡಿದರೆ ನಾಟಕ ಅರ್ಥ ಆಗಲ್ಲ.

ಸ್ಟ್ರೀಮಿಂಗ್‌ನಲ್ಲಿ ಎರಡು ತೊಂದರೆ. ಒಂದು, ಹಾಡುಗಳ ಕ್ರಮ ಕಲಸೋ ಶಫಲ್. ಎರಡು, ಹಾಡಿಂದ ಹಾಡಿಗೆ ಕರಗಿಸೋ ಕ್ರಾಸ್‌ಫೇಡ್. ಅದು ಆನ್ ಇದ್ದರೆ 5-6ರ ನಡುವಿನ ಏಟು ಹೋಗುತ್ತೆ. ‘ವಾಚಿಂಗ್ ದ ವೀಲ್ಸ್’ ಬಾಲದಲ್ಲಿ ಬೀದಿ ಸದ್ದುಗಳು ಬಂದು 9ನೇ ಹಾಡಿಗೆ ಸೇತುವೆ ಕಟ್ಟುತ್ತವಲ್ಲ, ಅದೂ ಮಸುಕಾಗುತ್ತೆ. ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ಗ್ಯಾಪ್‌ಲೆಸ್ (ಹಾಡುಗಳ ನಡುವೆ ಖಾಲಿ ಬಿಡದ ಆಯ್ಕೆ) ಆನ್ ಮಾಡಿ.

ಸಾಲುಲೆಕ್ಕ:
9ರ ಬಗ್ಗೆ ಹೇಳದೆ ಬಿಟ್ಟಿರಿ. ‘ಯೆಸ್, ಐಯಾಮ್ ಯುವರ್ ಏಂಜಲ್’ ಹಳೇ ಕ್ಯಾಬರೆ ಧಾಟಿ. ಧಾಟಿ ಎಷ್ಟು ಹಳೆಯದು ಅಂದ್ರೆ 1920ರ ದಶಕದ ‘ಮೇಕಿನ್ ವೂಪಿ’ ಹಾಡಿನ ಹಕ್ಕುದಾರರು ದಾವೆ ಹಾಕಿದರು. ಧಾಟಿ ಎರವಲು ತರಬಹುದು, ರಾಗದ ಸಾಲು ತರಬಾರದು, ಇದರ ನಡುವಿನ ಗೆರೆ ಬಹಳ ತೆಳು.

ಇನ್ನು 13. ‘ಎವರಿ ಮ್ಯಾನ್ ಹ್ಯಾಸ್ ಎ ವುಮನ್ ಹೂ ಲವ್ಸ್ ಹಿಮ್’ ಯೋಕೊ ಹಾಡು, ಹಿಂದೆ ಜಾನ್ ದನಿಗೂಡಿಸಿದ್ದಾರೆ. 1984ರಲ್ಲಿ ಟೇಪಿನ ಟ್ರ್ಯಾಕ್ ಬಿಡಿಸಿ ಯೋಕೊ ಧ್ವನಿ ತೆಗೆದು ಜಾನ್ ದನಿಯನ್ನ ಮುಂದಕ್ಕೆ ಎಳೆದರು, ‘ಜಾನ್ ಹಾಡು’ ಅಂತ ಬಿಡುಗಡೆಯಾಯ್ತು. ಕೇಳಿ ನೋಡಿ. ಅದು ಮುಖ್ಯ ಗಾಯನದ ಪಕ್ಕ ನಿಲ್ಲೋಕೆ ಹಾಡಿದ ದನಿ. ಪಕ್ಕದಲ್ಲಿ ಯಾರೂ ಇಲ್ಲದಾಗ ಓರೆಯಾಗಿ ನಿಂತಿದ್ದು ಗೊತ್ತಾಗುತ್ತೆ. ಯೋಕೊ ಇಲ್ಲದ ಪಟ್ಟಿ ಬೇಕು ಅನ್ನೋರಿಗೆ ಇದಕ್ಕಿಂತ ನೇರ ಉತ್ತರ ಇಲ್ಲ.

ಧಾರವಾಡಪೇಡೆ:
1984ರ ‘ಮಿಲ್ಕ್ ಆ್ಯಂಡ್ ಹನಿ’ಯೂ ಹೀಂಗ ಜೋಡಿ ಆಲ್ಬಂ ಅಲ್ಲೇನ್ರಿ? ಆರು-ಆರು ಹಾಡು.

ಕಪ್ಪುತಟ್ಟೆ:
ಲೆಕ್ಕ ಸರಿ, ಆದರೆ ಅಲ್ಲಿ ಸಂವಾದ ಮುರಿದಿದೆ. ಜಾನ್ ಹಾಡುಗಳು 1980ರಲ್ಲಿ ಅರ್ಧಕ್ಕೆ ನಿಂತ ಕರಡು, ಯೋಕೊ ತಮ್ಮವನ್ನ ಮುಗಿಸಿದ್ದು ಆಮೇಲೆ. ಒಂದು ಜೋಡಿ ಮಾತ್ರ ಬೇರೆ: ‘ಲೆಟ್ ಮಿ ಕೌಂಟ್ ದ ವೇಸ್’ ಮತ್ತು ‘ಗ್ರೋ ಓಲ್ಡ್ ವಿತ್ ಮಿ’. ಹೆಂಡತಿಯದು ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಕವಿತೆಯಿಂದ, ಗಂಡನದು ಆಕೆಯ ಗಂಡ ರಾಬರ್ಟ್ ಬ್ರೌನಿಂಗ್ ಕವಿತೆಯಿಂದ. ಎರಡೂ ಮನೆಯ ಕ್ಯಾಸೆಟ್ ಮುದ್ರಣ, ಟೇಪಿನ ‘ಸ್ಸ್’ ಅನ್ನೋ ಸದ್ದು ಕೇಳುತ್ತೆ. ಕಿವಿಗೆ ಒರಟು, ಆದರೆ ಕೇಳಲೇಬೇಕಾದ್ದು.

ಸೂಜಿಮೊನೆ:
ಹಳೇ ಎಲ್‌ಪಿ ಕೊಳ್ಳೋರಿಗೆ. ಲೆನನ್ ತೀರಿಕೊಂಡ ಡಿಸೆಂಬರ್ 8ಕ್ಕೆ ಮುಂಚೆ ಈ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ 11ರ ತನಕ ಏರಿತ್ತು ಅಷ್ಟೆ. ಆಮೇಲೆ ಎಂಟು ವಾರ ಮೊದಲ ಸ್ಥಾನ, 1982ರ ಫೆಬ್ರವರಿಯಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ. ಅಂದ್ರೆ ಬೇಡಿಕೆಗೆ ತಕ್ಕಂತೆ ಲೆಕ್ಕವಿಲ್ಲದಷ್ಟು ತಟ್ಟೆ ಒತ್ತಿದ್ದಾರೆ. ಇದು ಅಪರೂಪದ ಸರಕೇ ಅಲ್ಲ. ‘ಮೊದಲ ಮುದ್ರಣ’ ಅಂತ ದುಡ್ಡು ಏರಿಸಿದರೆ ನಕ್ಕು ಮುಂದೆ ಹೋಗಿ. ಹೊದಿಕೆ ಹಿಂಬದಿಯ ಹಾಡಿನ ಪಟ್ಟಿ ತಟ್ಟೆಯ ಕ್ರಮಕ್ಕೆ ಹೊಂದಲ್ಲ, ಅದನ್ನ ‘ಅಪರೂಪದ ದೋಷ’ ಅಂತಲೂ ಮಾರ್ತಾರೆ. ಆರಂಭದ ಪ್ರತಿಗಳೆಲ್ಲ ಹಾಗೇ ಇವೆ. ಹೆಚ್ಚು ಕೊಡೋದಾದರೆ ನಾಟಿಲಸ್ ಕಂಪನಿಯ ಅರ್ಧವೇಗದ ಮಾಸ್ಟರಿಂಗ್ (ಮೂಲ ತಟ್ಟೆಯ ಗೆರೆಯನ್ನ ಅರ್ಧ ವೇಗದಲ್ಲಿ ಕೊರೆದ) ಪ್ರತಿಗೆ ಕೊಡಿ.

ಅಂಗಡಿಯಲ್ಲಿ ಪರೀಕ್ಷೆ ಮಾಡೋಕೆ ಇಡೀ ತಟ್ಟೆ ಹಾಕಬೇಕಿಲ್ಲ. ಮೊದಲ ಬದಿ ಶುರುವಾಗೋದೇ ಸಣ್ಣ ಗಂಟೆಯಿಂದ. (1970ರ ‘ಮದರ್’ ಹಾಡಿನ ಸಾವಿನ ಗಂಟೆಗೆ ಇದು ಉತ್ತರ.) ಗಂಟೆ ಮೆಲು, ಸುತ್ತ ನಿಶ್ಶಬ್ದ. ಚಟಪಟ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತೆ. ಆಮೇಲೆ ಎರಡೂ ಬದಿಯ ಕೊನೆ ನಿಮಿಷ ಕೇಳಿ.

ಕೊನೆ ನಿಮಿಷ ಯಾಕೆ ಅಂದ್ರೆ ಸೂಜಿ ಒಳಗೆ ಹೋದ ಹಾಗೆ ಒಂದು ಸುತ್ತಿನ ಉದ್ದ ಕಡಿಮೆ, ಅಷ್ಟೇ ಸದ್ದು ಕಡಿಮೆ ಜಾಗದಲ್ಲಿ ಹಿಡಿಸಬೇಕು. ಮೊದಲ ಬದಿ 21 ನಿಮಿಷ ಚಿಲ್ಲರೆ, ಎರಡನೆಯದು 23 ದಾಟುತ್ತೆ. ಎರಡನೇ ಬದಿಯ ತೀರಾ ಒಳಗೆ ಬರೋದು ಗಾಸ್ಪೆಲ್ (ಚರ್ಚ್ ಭಕ್ತಿಗೀತೆ ಶೈಲಿಯ) ಕೋರಸ್ ಇರೋ ‘ಹಾರ್ಡ್ ಟೈಮ್ಸ್’. ಹತ್ತಾರು ಕಂಠ ಒಟ್ಟಿಗೆ, ಇಡೀ ತಟ್ಟೆಯಲ್ಲೇ ಇಕ್ಕಟ್ಟಾದ ಜಾಗದಲ್ಲಿ. ಅದು ಹರಿದ ಬಟ್ಟೆ ಹಾಗೆ ಕೇಳಿದರೆ ‘ಯೋಕೊ ಹಾಡು ಕರ್ಕಶ’ ಅನ್ನೋ ಮೊದಲು ಕಾರ್ಟ್ರಿಜ್ (ಸೂಜಿ ಕೂರೋ ಪುಟ್ಟ ಡಬ್ಬಿ) ಜೋಡಣೆ ನೋಡಿ.

ಹಾರ್ಮೋನಿಯಂಚೀಲ:
ಜೋಡಣೆ ಅಂದ್ರೆ ಏನೇನು ಸರ್? ಆಡಿಯೊ ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್‌ಗೆ ಹೇಳಿ.

ಸೂಜಿಮೊನೆ:
ಸೂಜಿ ಭಾರ 2 ಗ್ರಾಂ (1.8ರಿಂದ 2.2 ನಡುವೆ ಇರಬಹುದು). ತೂಕದ ಪುಟ್ಟ ಡಿಜಿಟಲ್ ತಕ್ಕಡಿ ತಗೊಳ್ಳಿ, ತೋಳಿನ ಹಿಂಬದಿಯ ಅಂಕಿ ಮಾತ್ರ ನಂಬಬೇಡಿ. ‘ತಟ್ಟೆ ಸವೆಯುತ್ತೆ’ ಅಂತ 1.5ಕ್ಕೆ ಇಳಿಸೋರಿದ್ದಾರೆ. ಹಗುರಾದ ಸೂಜಿ ಗೆರೆಯೊಳಗೆ ಕುಣಿದು ಗೋಡೆ ಕೆತ್ತುತ್ತೆ, ಸವೆತ ಇನ್ನೂ ಜಾಸ್ತಿ. ಆಂಟಿಸ್ಕೇಟ್ (ತೋಳು ಒಳಕ್ಕೆ ಎಳೆಯೋದನ್ನ ತಡೆಯೋ ತಿರುಗಣೆ) 2ರ ಹತ್ತಿರ ಇಟ್ಟು ಶುರು ಮಾಡಿ. ಜೋಡಣೆ ಪಟ್ಟಿಯಲ್ಲಿ ಬೇರ್‌ವಾಲ್ಡ್ ಬಿಂದುಗಳು (ಕಾರ್ಟ್ರಿಜ್ ನೇರ ನಿಲ್ಲಬೇಕಾದ ಎರಡು ಜಾಗ) ತಟ್ಟೆಯ ನಡುವಿನಿಂದ 66 ಮತ್ತು 120.9 ಮಿಲಿಮೀಟರ್‌ನಲ್ಲಿರುತ್ತವೆ. ಎರಡೂ ಕಡೆ ಕಾರ್ಟ್ರಿಜ್ ಗೆರೆಗೆ ಸಮಾನಾಂತರ ನಿಲ್ಲಬೇಕು. ಒಂದು ಕಡೆ ಸರಿ ಇದ್ದು ಇನ್ನೊಂದು ಕಡೆ ತಿರುಗಿದ್ದರೆ ಕಾರ್ಟ್ರಿಜ್‌ನ ಹಿಂದೆ ಮುಂದೆ ಸರಿಸಬೇಕು, ಬರೀ ತಿರುಗಿಸೋದಲ್ಲ. ಇಷ್ಟಾದ ಮೇಲೂ ಕೋರಸ್ ಹರಿದರೆ ಅದೇ ಕಾರ್ಟ್ರಿಜ್ ದೇಹಕ್ಕೆ ಎಂಎಲ್ (ಮೈಕ್ರೊಲೈನ್, ಇನ್ನೂ ಸಣ್ಣ ಮೊನೆಯ) ಸೂಜಿ ಕೂರುತ್ತೆ, ಬದಲಿಸಿ. ಆಗಲೂ ಹರಿದರೆ ತಟ್ಟೆಯೇ ಸವೆದಿದೆ, ಬೇರೆ ಪ್ರತಿ ಹುಡುಕಿ.